ಕೊನೆಯ ಐಟಮ್ಮಿಗೆ ಒಂದು ಸರಬಾಂದ್

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಡಿಟಿಪಿ ಅಂಗಡಿಯಿತ್ತು. ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವೂ ಒಂದೇ ಕಂಪ್ಯೂಟರಿನ ಹೊಟ್ಟೆಯಿಂದ ಹೊರಗೆ ಬರುತ್ತಿದ್ದವು. ನನ್ನ ಹತ್ತಿರ ಪಿಯಾನೋ ಕಲಿಯುತ್ತಿದ್ದ ಮಕ್ಕಳ ವಾರ್ಷಿಕ ಕಾರ್ಯಕ್ರಮದ ಕಾರ್ಡೂ ಅಲ್ಲೇ ಅಚ್ಚಾಗಬೇಕಿತ್ತು. ಮಕ್ಕಳ ಹೆಸರು, ಅವರು ನುಡಿಸುವುದರ ಹೆಸರು ಎಲ್ಲ ಸರಿಯಾಗಿ ಬರೆದುಕೊಟ್ಟಿದ್ದೆ. ಕಟ್ಟಕಡೆಗೆ ‘ಟೀಚರ್’ ಎಂದು ಬರೆದು, ಮುಂದೆ ಒಂದು ಗೀಟು ಎಳೆದು ಬಿಟ್ಟಿದ್ದೆ.

“ಮೇಡಂ, ಇಲ್ಲೇನ್ ಹಾಕ್ಲಿ?” ಎಂದು ಅಂಗಡಿಯವನು ಕೇಳಿದ.

“ನಾಳೆ ಹೇಳ್ತೀನಿ ಕಣಪ್ಪ.”

“ಮೊನ್ನೆನೂ ಹಿಂಗೇ ಅಂದ್ರಿ. ಸುಮ್ನೆ ‘ವಂದನಾರ್ಪಣೆ’ ಅಂತ ಹಾಕ್ಬುಡ್ಲಾ? ಯಾವ್ ಫಂಕ್ಷನ್ನಾದ್ರೂ ಕೊನೇಗೆ ಅದೇ ತಾನೆ ಇರದು.”

ಅವನು ಹೇಳಿದ್ದು ನನಗೆ ಒಂದು ಕ್ಷಣ ಒಳ್ಳೆಯ ದಾರಿಯಾಗಿಯೇ ಕಂಡಿತು. ವಂದನಾರ್ಪಣೆಯಲ್ಲಿ ಯಾರೂ ತಪ್ಪು ಸ್ವರ ಒತ್ತಿದ ಚರಿತ್ರೆಯಿಲ್ಲ. ಆದರೆ ಟೀಚರ್ ಏನೂ ನುಡಿಸದೆ ಹೋದರೆ ‘ಇವಳಿಗೆ ಬರುತ್ತದೋ ಇಲ್ಲವೋ’ ಎಂದು ಜನ ಅಂದುಕೊಂಡಾರು. ನುಡಿಸಿದರೆ ‘ಇಷ್ಟೇ ಬರುವುದಾ’ ಎಂದಾರು. ಇವೆರಡರ ನಡುವೆ ನಾನು ಎರಡು ವಾರದಿಂದ ಓಡಾಡುತ್ತಿದ್ದೆ. ಕೆಲವರು ಯೋಚನೆ ಮಾಡುತ್ತಾರೆ, ಮಾಡಿ ಮುಗಿಸುತ್ತಾರೆ. ನಾನು ಯೋಚನೆ ಹಚ್ಚಿಕೊಳ್ಳುವವಳು. ಹಚ್ಚಿಕೊಂಡದ್ದು ಕಂಬಳಿ ಹುಳದ ಕೂದಲಿನ ಹಾಗೆ, ಉಜ್ಜಿದಷ್ಟೂ ಒಳಗೆ ಹೋಗುತ್ತದೆ.

ಆ ದಿನಗಳಲ್ಲಿ ನಾನು ಆನೇಮಹಲ್‌ನಲ್ಲಿ, ಹೆದ್ದಾರಿಯ ಪಕ್ಕದ ಒಂದು ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದೆ. ಮಂಗಳೂರಿಗೆ ಇಳಿಯುವ ಲಾರಿಗಳು ಹಾದುಹೋದಾಗ ಅಡಿಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬಹುಶಃ ಮನೆಯಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದದ್ದು ಅವೇ. ಶನಿವಾರ, ಭಾನುವಾರ ಬಸ್ಸು ಹಿಡಿದು ಸಕಲೇಶಪುರಕ್ಕೆ ಹೋಗಿ, ಪ್ಲಾಂಟರುಗಳ ಕ್ಲಬ್ಬಿನ ಹಾಲಿನಲ್ಲಿದ್ದ ಹಳೆಯ ಪಿಯಾನೋದಲ್ಲಿ ಎಸ್ಟೇಟಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಬ್ರಿಟಿಷ್ ಮ್ಯಾನೇಜರೊಬ್ಬ ಬಿಟ್ಟುಹೋದ ಪಿಯಾನೋ ಅದು. ಮಳೆಗಾಲದಲ್ಲಿ ಒಳಗಿನ ಮರ ಊದಿಕೊಂಡು ಕೀಗಳು ಒತ್ತಿದಲ್ಲೇ ಕೂರುತ್ತವೆಂದು ಅದರ ಹೊಟ್ಟೆಯೊಳಗೆ ಒಂದು ಬಲ್ಬು ಉರಿಸಿಡುತ್ತಿದ್ದೆವು. ಹೊಸದಾಗಿ ಬಂದ ಮಕ್ಕಳು ಅದನ್ನು ದೇವರ ದೀಪವೆಂದುಕೊಂಡು ಕೈಮುಗಿದದ್ದೂ ಉಂಟು. ಕಾಫಿಗೆ ಒಳ್ಳೆಯ ರೇಟಿದ್ದ ಕಾಲದಲ್ಲಿ ನನ್ನ ಹತ್ತಿರ ಮಕ್ಕಳು ತುಂಬಿದ್ದರು. ರೇಟು ಬಿದ್ದಾಗ ಮೊದಲು ನಿಂತದ್ದು ಪಿಯಾನೋ ಪಾಠ. ಅದರಲ್ಲಿ ನನಗೆ ಬೇಸರವೇನಿಲ್ಲ. ನಾನೇ ಪ್ಲಾಂಟರಾಗಿದ್ದರೂ ಮೊದಲು ಅದನ್ನೇ ನಿಲ್ಲಿಸುತ್ತಿದ್ದೆ.

ಆ ವರ್ಷದ ಕಾರ್ಯಕ್ರಮ ಕಾಫಿ ಕುಯ್ಲು ಮುಗಿದು, ಕಣಗಳೆಲ್ಲ ಖಾಲಿಯಾದ ಮೇಲಿನ ಒಂದು ಭಾನುವಾರಕ್ಕೆ ಗೊತ್ತಾಗಿತ್ತು. ಕೊನೆಯಲ್ಲಿ ನುಡಿಸಲು ನಾನು ಮೂರು ಪೀಸುಗಳನ್ನು ಎದುರಿಗಿಟ್ಟುಕೊಂಡಿದ್ದೆ. ಒಂದು, ಎಲ್ಲರೂ ಎಲ್ಲಾದರೊಂದು ಕಡೆ ಕೇಳಿರುವ ವಾಲ್ಟ್ಸ್. ನುಡಿಸಿದರೆ ಗಂಡಸರೂ ಕಾಲು ಕುಣಿಸುತ್ತಾರೆ. ಇನ್ನೊಂದು, ಎರಡು ಕೈಯೂ ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಬಿರುಸಾದದ್ದು. ತಪ್ಪಿದರೂ ವೇಗದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯದೇ ಸರಬಾಂದ್. ಯುರೋಪಿನಲ್ಲಿ ಬರೋಕ್ ಎಂದು ಕರೆಯುವ ಕಾಲದ್ದು, ಪಿಯಾನೋ ಇನ್ನೂ ಮನೆಮನೆಗೆ ಬರುವ ಮೊದಲು ಅದರ ಅಜ್ಜನಂಥ ಒಂದು ವಾದ್ಯಕ್ಕಾಗಿ ಬರೆದದ್ದು. ಹುಟ್ಟಿನಿಂದ ಅದು ಕುಣಿತವೇ. ಆದರೆ ಅರಮನೆಗಳಲ್ಲಿ ಓಡಾಡಿ ಓಡಾಡಿ ಎಷ್ಟು ನಿಧಾನವಾಯಿತೆಂದರೆ, ಈಗ ಅದಕ್ಕೆ ಕುಣಿಯಹೊರಟರೆ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಎಲೆ ಅಡಿಕೆ ಹಾಕಿಕೊಂಡು ಬರಬಹುದು. ಮೂರು ಬೀಟಿನ ತಾಳ. ಭಾರ ಬೀಳುವುದು ಮೊದಲನೆಯದರ ಮೇಲಲ್ಲ, ಎರಡನೆಯದರ ಮೇಲೆ. ಕಾಫಿ ಮೂಟೆ ಹೊತ್ತವನು ಏರಿನಲ್ಲಿ ಒಂದು ಹೆಜ್ಜೆ ಇಟ್ಟು, ಮುಂದಿನದರಲ್ಲಿ ಹಾಗೇ ನಿಂತು ಉಸಿರು ತೆಗೆದುಕೊಳ್ಳುತ್ತಾನಲ್ಲ, ಹಾಗೆ.

ಅದನ್ನು ನಾನು ಮೊದಲು ಕೇಳಿದ್ದು ಮಂಗಳೂರಿನ ಹಾಸ್ಟೆಲಿನಲ್ಲಿ. ನಮ್ಮದು ಆಲೂರು ಕಡೆಯ ಗೌಡರ ಮನೆ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಆ ಮನೆಯ ಹುಡುಗಿ ಪಿಯಾನೋ ಕಲಿತದ್ದು ಹೇಗೆ ಎಂದು ಕೇಳುವವರಿಗೆ ನಾನು ಏನೇನೋ ಹೇಳುವುದುಂಟು. ನಿಜ ಇಷ್ಟೇ: ಸಂಗೀತ ತೆಗೆದುಕೊಂಡವರಿಗೆ ಸಂಜೆಯ ಥ್ರೋಬಾಲಿನಿಂದ ವಿನಾಯಿತಿ ಇತ್ತು, ಮತ್ತು ನನಗೆ ಚೆಂಡೆಂದರೆ ಭಯ. ಕಲಿಸುತ್ತಿದ್ದವರು ಕಾನ್ವೆಂಟಿನ ಕಾಂಪೌಂಡಿನೊಳಗೇ ಒಂದು ಕೋಣೆಯಲ್ಲಿದ್ದ ಮದುವೆಯಾಗದ ಹೆಂಗಸು. ಸನ್ಯಾಸಿನಿಯಲ್ಲ, ಬರೀ ಟೀಚರ್. ನಾವೆಲ್ಲ ‘ಮಿಸ್’ ಎನ್ನುತ್ತಿದ್ದೆವು. ನಾವು ರಾತ್ರಿಯೂಟಕ್ಕೆ ಮೊದಲು ಓದಿಕೊಳ್ಳಲು ಕೂತಿರುವಾಗ, ಕೆಳಗಿನ ಸಂಗೀತದ ಕೋಣೆಯಲ್ಲಿ ಮಿಸ್ ಒಬ್ಬರೇ ಕೂತು ಈ ಸರಬಾಂದ್ ನುಡಿಸುತ್ತಿದ್ದರು. ಮನೆ ಬಿಟ್ಟು ಬಂದ ಮಕ್ಕಳು ನಾವು. ಅದು ಶುರುವಾದರೆ ಭೂಗೋಳದ ಪುಸ್ತಕದ ಮೇಲೆ ಒಂದೆರಡು ಹನಿ ಬೀಳುವುದು ಮಾಮೂಲು.

ಕಲಿಸಿಕೊಡಿ ಎಂದು ದುಂಬಾಲು ಬಿದ್ದೆ. ಮಿಸ್ ಮೊದಲ ಎರಡು ಸಾಲು ನುಡಿಸಲು ಬಿಟ್ಟು, ಪುಸ್ತಕ ಮುಚ್ಚಿದರು.

“ಬೇಡ, ಈಗ ಬೇಡ.”

“ತಪ್ಪಾಯ್ತಾ ಮಿಸ್?”

“ತಪ್ಪು ಎಂತದೂ ಇಲ್ಲ ಮಾರಾಯ್ತಿ. ನಿನಗೆ ಮುಂದಿನ ಸ್ವರದ ಹೆದರಿಕೆ. ಈಗಿನದ್ದನ್ನು ಮುಟ್ಟಿದ್ದೇ ಓಡ್ತೀ. ಇದರಲ್ಲಿ ಎರಡನೇ ಬೀಟಿನ ಮೇಲೆ ಕೂತುಕೊಳ್ಳಬೇಕು. ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ, ಗೊತ್ತುಂಟಾ?”

ಗೊತ್ತಿರಲಿಲ್ಲ. ನಲವತ್ತು ದಾಟಿದ ಮೇಲೂ ಗೊತ್ತಾಗಿರಲಿಲ್ಲ. ಸ್ವರಗಳನ್ನು ಆಮೇಲೆ ನಾನೇ ಕಲಿತೆ, ಮನೆಯಲ್ಲಿ ಪಿಯಾನೋ ಇಲ್ಲದ್ದರಿಂದ ಊಟದ ಮೇಜಿನ ಮೇಲೆ ಬೆರಳಾಡಿಸಿ ಗಟ್ಟಿ ಮಾಡಿಕೊಂಡೆ. ಆದರೆ ಯಾರೆದುರೂ ನುಡಿಸಿರಲಿಲ್ಲ. ಆ ವರ್ಷವೂ ಅದನ್ನು ಮೂರನೆಯದಾಗಿ ಇಟ್ಟುಕೊಂಡದ್ದು ಬಿಡುವುದಕ್ಕೇ. ಬೇಡವೆನ್ನಲು ಒಂದಿದ್ದರೆ ಉಳಿದೆರಡರಲ್ಲಿ ಆರಿಸುವುದು ಸುಲಭ ಎಂಬುದು ನನ್ನ ಲೆಕ್ಕಾಚಾರ.

ಬಿಡುವ ಮೊದಲು ಮಿಸ್‌ಗೆ ಒಂದು ಮಾತು ಕೇಳೋಣ ಅನ್ನಿಸಿತು. ಸರಬಾಂದಿನಲ್ಲಿ ಎರಡು ಭಾಗ. ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸಬೇಕೆಂದು ಪುಸ್ತಕದಲ್ಲಿ ಗುರುತಿದೆ. ಸಕಲೇಶಪುರದ ಜನಕ್ಕೆ ಒಂದು ಸಲವೇ ಹೆಚ್ಚಾದೀತೇನೋ. ಹೀಗೊಂದು ನೆಪ ಸಿಕ್ಕಿತಲ್ಲ ಎಂದು ಖುಷಿಯಿಂದಲೇ ಕಾನ್ವೆಂಟಿಗೆ ಫೋನು ಮಾಡಿದೆ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದೆ. ಕಳೆದ ಕ್ರಿಸ್‌ಮಸ್ಸಿಗೆ ಮಾತ್ರ ಲೈನು ಸಿಕ್ಕಿರಲಿಲ್ಲ.

“ಮ್ಯೂಸಿಕ್ ಮಿಸ್ ಇದ್ದಾರಾ?” ಎಂದೆ.

ಆ ಕಡೆ ಎಳೆಯ ಧ್ವನಿಯೊಂದು, “ಅವರು ತೀರಿಹೋದರಲ್ಲ, ಜನವರಿಯಲ್ಲಿ. ನಿಮಗೆ ಯಾರೂ ಹೇಳಲಿಲ್ಲವಾ?” ಎಂದಿತು.

ಯಾರು ಹೇಳಬೇಕಿತ್ತು?

“ನೀವು ಅವರಿಗೆ ಏನಾಗಬೇಕು?”

“ಏನೂ ಇಲ್ಲ. ಅವರ ಹತ್ತಿರ ಕಲಿತಿದ್ದೆ.”

“ಓ, ಸ್ಟೂಡೆಂಟಾ,” ಎಂದು ಆಕೆ ಸ್ವಲ್ಪ ನಿರಾಳವಾದಳು. ಸಂಬಂಧಿಕರಾಗಿದ್ದರೆ ಇನ್ನಷ್ಟು ಹೊತ್ತು ಸಮಾಧಾನ ಹೇಳಬೇಕಾಗುತ್ತಿತ್ತಲ್ಲ. “ಬೇರೆ ಎಂತಾದರೂ ಬೇಕಿತ್ತಾ?”

“ಏನಿಲ್ಲ, ರಿಪೀಟ್ ಮಾಡೋದೋ ಬೇಡವೋ ಅಂತ ಕೇಳಬೇಕಿತ್ತು.”

“ಎಂತದು?”

“ಏನಿಲ್ಲ ಬಿಡಿ.”

ಫೋನು ಇಟ್ಟ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕು. ಆದರೆ ಅದು ನಮ್ಮವರು ಹೋದರೆ. ಮಿಸ್ ಯಾರು? ನಮ್ಮ ಜಾತಿಯಲ್ಲ, ಧರ್ಮವಲ್ಲ, ಊರಲ್ಲ. ಅದೂ ಸತ್ತು ತಿಂಗಳ ಮೇಲಾಗಿದೆ. ಇಷ್ಟು ದಿನ ಗೊತ್ತಿಲ್ಲದೆ ಹಬ್ಬದೂಟ ಮಾಡಿದ್ದಾಯಿತು, ನಾಮಕರಣಕ್ಕೆ ಹೋಗಿ ಬಂದದ್ದಾಯಿತು. ಬಚ್ಚಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ಇದನ್ನೇ ವಾದಿಸಿದೆ. ಕೊನೆಗೆ ನೀರು ಕಾಯಿಸಿ ತಲೆಯ ಮೇಲೆ ಹೊಯ್ದುಕೊಂಡೆ. ಮಧ್ಯಾಹ್ನದ ಮೂರು ಗಂಟೆಗೆ ಒದ್ದೆ ಕೂದಲು ಬಿಟ್ಟುಕೊಂಡು ಹಿತ್ತಿಲ ಬಿಸಿಲಿಗೆ ಕೂತರೆ ಪಕ್ಕದ ಮನೆಯಾಕೆ ಬೇಲಿಯಿಂದ, “ಏನಕ್ಕಾ, ಇಷ್ಟೊತ್ತಿನಾಗೆ ತಲೆಗ್ ಹಾಕಂಡ್ರಾ?” ಎಂದಳು. “ಹೂಂ, ಎಣ್ಣೆ ಹಚ್ಚಿದ್ದೆ” ಎಂದೆ.

ಯಾರಿಗಾದರೂ ಹೇಳಬೇಕು ಅನ್ನಿಸಿ ಸಂಜೆ ಊರಿಗೆ ಫೋನು ಮಾಡಿದೆ. ತಮ್ಮನ ಹೆಂಡತಿ ಎತ್ತಿಕೊಂಡಳು. ಒಳ್ಳೆಯ ಹುಡುಗಿ, ಕೇಳಿದ್ದಕ್ಕೆಲ್ಲ ಅಯ್ಯೋ ಎನ್ನುತ್ತಾಳೆ.

“ಅಯ್ಯೋ! ಯಾರು ಅತ್ಗೆಮ್ಮ? ನಿಮ್ ಪಿಟೀಲು ಟೀಚರಾ?”

“ಪಿಯಾನೋ.”

“ಅಯ್ಯೋ ಪಾಪ. ವಯಸ್ಸಾಗಿತ್ತಲ್ವಾ? ಇನ್ನೇನ್ ಮಾಡಕಾಯ್ತದೆ. ನಮ್ದಿಲ್ಲಿ ಮೆಣಸ್ ಬುಡ್ಸಕ್ಕೆ ಜನ ಸಿಗ್ತಿಲ್ಲ ಕಣ್ರೀ, ಇವ್ರೇ ಏಣಿ ಹತ್ತ್‌ಬುಟ್ಟು ಕಾಲು ಉಳುಕ್ಸ್ಕಂಡ್ ಕುಂತವ್ರೆ.”

ತಮ್ಮನ ಕಾಲಿನ ವಿಚಾರ ಮಾತಾಡಿದೆವು. ಅದೂ ವಿಚಾರಿಸಬೇಕಾದ್ದೇ. ಆದರೆ ಫೋನು ಇಡುವಾಗ ನನಗೆ ಸ್ಪಷ್ಟವಾಗಿ ಒಂದು ಗೊತ್ತಾಯಿತು. ಮನೆಯಲ್ಲಿ ಒಬ್ಬರು ಹೋದರೆ ನಮ್ಮಲ್ಲಿ ಹನ್ನೊಂದು ದಿನ ಜನ ಮಾತಾಡಿಸಲು ಬರುತ್ತಾರೆ. ಬಂದವರು ಜಗಲಿಯಲ್ಲಿ ಕೂತು, ಹೇಗಾಯಿತು, ಏನಾಯಿತು ಎಂದು ಒಂದನ್ನೇ ನೂರು ಸಲ ಕೇಳುತ್ತಾರೆ. ಹೇಳಿ ಹೇಳಿ ಹೇಳುವವರಿಗೇ ಸಾಕಾಗಬೇಕು, ಹಾಗೆ. ಮಿಸ್ ವಿಚಾರಕ್ಕೆ ನನ್ನನ್ನು ಮಾತಾಡಿಸಲು ಯಾರೂ ಬರುವುದಿಲ್ಲ. ಬರಬೇಕೆಂದು ಕೇಳಲು ನನಗೆ ಹಕ್ಕೂ ಇಲ್ಲ. ನನ್ನ ಹತ್ತಿರ ಇರುವುದು ಆ ಕಾರ್ಡಿನ ಕೊನೆಯ ಗೀಟು ಒಂದೇ.

ಮರುದಿನ ಡಿಟಿಪಿ ಅಂಗಡಿಗೆ ಹೋಗಿ ‘ಸರಬಾಂದ್’ ಎಂದು ಬರೆದುಕೊಟ್ಟೆ.

ಕಾರ್ಯಕ್ರಮದ ಉಸ್ತುವಾರಿಯೆಲ್ಲ ನನ್ನ ಶಿಷ್ಯೆಯೊಬ್ಬಳ ತಾಯಿಯದು. ಹೆಗ್ಗದ್ದೆ ಕಡೆಯ ದೊಡ್ಡ ಎಸ್ಟೇಟಿನ ಸೊಸೆ. ಕುರ್ಚಿ, ಮೈಕು, ಮಕ್ಕಳ ಜ್ಯೂಸು, ಗಂಡಸರ ಊಟ ಎಲ್ಲವನ್ನೂ ಹಿಡಿದ ಕೆಲಸ ಬಿಡದೆ ಮಾಡುವ ಹೆಂಗಸು. ಆಕೆ ಕಾರ್ಡು ನೋಡಿದ ಕೂಡಲೇ ಕ್ಲಬ್ಬಿನ ಹಾಲಿಗೆ ಬಂದರು.

“ಮೇಡಂ, ಇದೇನ್ರೀ ಇದು, ಕೊನೇದು? ಜಾಲಿಯಾಗೈತಾ?”

“ಅದೊಂದು ಡ್ಯಾನ್ಸು,” ಎಂದೆ. ಪುಸ್ತಕದ ಪ್ರಕಾರ ಅದರಲ್ಲಿ ಸುಳ್ಳೇನಿಲ್ಲ.

“ಡ್ಯಾನ್ಸಾ? ಸರಿ ಹಂಗಾರೆ. ಹೋದ್ವರ್ಷ ನೀವ್ ಬಾರ್ಸಿದ್ದು ಕೇಳಿ ನಮ್ಮನೆಯೋರು ನಿದ್ದೆ ಹೊಡೆದ್ಬುಟ್ರು ಕಣ್ರೀ. ಊಟಕ್ ಮುಂಚೆ ಸಪ್ಪೆ ಆಗ್ಬಾರ್ದು ನೋಡಿ.”

“ಇಲ್ಲ ಇಲ್ಲ.”

ಆಕೆ ಮಗಳನ್ನು ಪಾಠಕ್ಕೆ ಬಿಡಲು ತಾವು ಬರುತ್ತಿರಲಿಲ್ಲ, ಅತ್ತೆ ಬರುತ್ತಿದ್ದರು. ಎಪ್ಪತ್ತೈದರ ಮೇಲಿನ ಅಜ್ಜಿ. ಜೀಪಿನಿಂದ ಇಳಿದು, ಊರುಗೋಲು ಊರಿಕೊಂಡು ಬಂದು, ಹಾಲಿನ ಹೊರಗಿನ ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂರುವರು. ಮೊಮ್ಮಗಳ ಸಂಗೀತದ ಬಗ್ಗೆ ಅವರ ಅಭಿಪ್ರಾಯ ಒಂದೇ: “ಪೆಟ್ಗೆ ಚೆಂದಾಗೈತೆ.” ಆ ಶನಿವಾರ ಪಾಠ ಮುಗಿಸಿ ಮಕ್ಕಳು ಆಟಕ್ಕೆ ಓಡಿದ ಮೇಲೆ, ಯಾರೂ ಇಲ್ಲವೆಂದುಕೊಂಡು ಸರಬಾಂದ್ ತೆಗೆದೆ. ಮೊದಲ ಭಾಗ ಮುಗಿಯುವಾಗ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

“ಯಾರವ್ವ ಹೋಗಿದ್ದು?” ಎಂದರು ಅಜ್ಜಿ.

ನನ್ನ ಕೈ ಕೀಗಳ ಮೇಲೇ ನಿಂತಿತು. “ಯಾರೂ ಇಲ್ಲಜ್ಜಿ. ಇದು ಕುಣಿತದ್ದು.”

“ಕುಣಿತದ್ದಾ?” ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾರ್ ಕುಣಿತಾರವ್ವ ಇದ್ಕೆ, ಹೆಣ ಹೊತ್ತೋರಾ?”

ನಾನು ನಕ್ಕೆ. ಅವರು ನಗಲಿಲ್ಲ. ಜೀಪು ಹತ್ತುವಾಗಲೂ ಒಮ್ಮೆ ತಿರುಗಿ ನೋಡಿದರು.

ಭಾನುವಾರ ಬಂತು. ನಾನು ಬೆಳಗ್ಗೆಯಿಂದ ಒಂದು ಬ್ರೆಡ್ಡಿನ ಚೂರು ಬಿಟ್ಟು ಏನೂ ತಿಂದಿರಲಿಲ್ಲ. ಚಿಂತಿಸಲು ಬೇಕಾದಷ್ಟಿತ್ತು. ಕರೆಂಟು ಹೋದರೆ? ಪುಸ್ತಕದ ಹಾಳೆ ಗಾಳಿಗೆ ಮಗುಚಿಕೊಂಡರೆ? ಸ್ಟೂಲಿನ ಕಾಲು ಕಿರುಗುಟ್ಟಿದರೆ? ಸುಕ್ಕು ಬೀಳದಂತೆ ಸೀರೆಯನ್ನು ಎಷ್ಟು ಸಲ ಉಟ್ಟು ಬಿಚ್ಚಿದೆನೋ. ಹಾಲಿನಲ್ಲಿ ಹೆಂಗಸರೆಲ್ಲ ರೇಷ್ಮೆಯಲ್ಲಿ ಬಂದು ಕೂತಿದ್ದರು, ಗಂಡಸರು ಹಿಂದಿನ ಗೋಡೆಗೆ ಒರಗಿ ಕಾಫಿ ಗಿಡ ಅರಳಿಸುವ ಹೂಮಳೆ ಯಾವಾಗ ಬಂದೀತೆಂದು ಮಾತಾಡುತ್ತಿದ್ದರು. ಇನ್ನೇನು ಮೊದಲ ಮಗುವನ್ನು ಕರೆಯಬೇಕು, ಹೆಗ್ಗದ್ದೆಯ ಸೊಸೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

“ಮೇಡಂ, ಕೇಳ್ತೀನಿ ಅಂತ ತಪ್ ತಿಳ್ಕಬೇಡಿ. ನಿಮ್ ಮನೇಲಿ ಏನಾದ್ರೂ ಸೂತಕ ಐತಾ?”

“ಸೂತಕನಾ?”

“ನಮ್ಮತ್ತೆ ನೆನ್ನೆಯಿಂದ ಒಂದೇ ಸಮ. ‘ಮೇಡಮ್ಮನ ಮನೇಲಿ ಯಾರೋ ಹೋಗವ್ರೆ, ಫಂಕ್ಷನ್ ನಿಂತೋಗ್ತದೆ ಅಂತ ಬಾಯ್ ಬಿಡ್ತಿಲ್ಲ’ ಅಂತಾರೆ. ನಂಗೆ ಇಂಥದ್ರಾಗೆಲ್ಲ ನಂಬ್ಕೆ ಇಲ್ಲ ಬಿಡಿ. ಆದ್ರೆ ಬರೋ ವಾರ ನಾದ್ನಿ ಮಗಳ್ ಮದ್ವೆ, ಚಪ್ಪರ ಹಾಕ್ಸ್ತಾ ಇದೀವಿ. ಮನೆ ತುಂಬ ನೆಂಟ್ರು. ಸೂತಕದೋರ್ನ ಮುಟ್ಬಂದ್ರು ಅಂತ ನಾಳೆ ಒಂದ್ ಮಾತು ಬರಬಾರ್ದು ನೋಡಿ.”

ಅವರ ಕೈ ಇನ್ನೂ ನನ್ನ ತೋಳಿನ ಮೇಲೇ ಇತ್ತು. ನಂಬಿಕೆ ಇಲ್ಲದವರು ನಿಜವಾಗಿ ಒಳ್ಳೆಯವರೇ. ನಾನು ‘ಹೌದು’ ಎಂದಿದ್ದರೆ ಆ ಕೈ ಏನು ಮಾಡುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಹೌದೆಂದರೆ ಸುಳ್ಳೂ ಆಗುತ್ತಿತ್ತು. ಯಾವ ಲೆಕ್ಕದಲ್ಲಿ ಹಿಡಿದರೂ ನನಗೆ ಸೂತಕವಿರಲಿಲ್ಲ. ಮೂರು ದಿನದ್ದಿಲ್ಲ, ಹನ್ನೊಂದರದ್ದಿಲ್ಲ, ಒಂದು ಹೊತ್ತಿನದ್ದೂ ಇಲ್ಲ.

“ಇಲ್ಲ,” ಎಂದೆ. “ನಮ್ಮವರು ಯಾರೂ ಹೋಗಿಲ್ಲ.”

“ಅಬ್ಬ! ನಂಗೊತ್ತಿತ್ತು ಕಣ್ರೀ,” ಎಂದು ಆಕೆ ಮೈಕಿನ ಕಡೆ ಓಡಿದರು.

ಮಕ್ಕಳು ಒಬ್ಬೊಬ್ಬರಾಗಿ ಬಂದು ನುಡಿಸಿದರು. ಒಬ್ಬಳು ಎರಡು ಸಾಲು ಬಿಟ್ಟು ಬೇಗ ಮುಗಿಸಿದಳು. ಆಕೆಗೇ ಎಲ್ಲರಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ನಾನು ಪಕ್ಕದಲ್ಲಿ ನಿಂತು ಹಾಳೆ ಮಗುಚುತ್ತಿದ್ದೆ. ಮನಸ್ಸು ಮಾತ್ರ ಆ ಒಂದು ವಾಕ್ಯದ ಸುತ್ತ ಸುತ್ತುತ್ತಿತ್ತು. ನಮ್ಮವರು ಯಾರೂ ಹೋಗಿಲ್ಲ. ಎಷ್ಟು ಸರಾಗವಾಗಿ ಬಂತು ಬಾಯಿಗೆ! ಸ್ವರ ತಪ್ಪುವವಳಿಗೆ ಇಂಥದ್ದು ತಪ್ಪುವುದೇ ಇಲ್ಲ.

ನನ್ನ ಸರದಿ ಬಂದಾಗ ಹಿಂದಿನ ಗೋಡೆಯ ಗಂಡಸರಲ್ಲಿ ಅರ್ಧಕ್ಕರ್ಧ ಹೊರಗೆ ಹೋಗಿದ್ದರು. ಅಡಿಗೆಯವರು ಹಿಂದುಗಡೆ ಪಾತ್ರೆ ಇಳಿಸುತ್ತಿದ್ದರು. ಮೈಕಿನಲ್ಲಿ ಹೆಗ್ಗದ್ದೆಯ ಸೊಸೆ, “ಈಗ ನಮ್ಮ ಟೀಚರಿಂದ ಒಂದು ಡ್ಯಾನ್ಸ್,” ಎಂದರು. ಯಾರೋ ಕಿಸಕ್ಕೆಂದರು. ನಾನು ಪುಸ್ತಕ ತೆರೆದು ಶುರು ಮಾಡಿದೆ.

ಮೊದಲ ಭಾಗ ಎಂದಿನಂತೆ ಓಡಿದೆ. ಎರಡನೇ ಬೀಟಿನ ಮೇಲೆ ಕೂರಬೇಕಾದಲ್ಲಿ ಹಾಗೇ ಎದ್ದು ಹೋದೆ. ಮಳೆಗಾಲವಲ್ಲದಿದ್ದರೂ ಎಡಗೈಯ ಒಂದು ಕೀ ಒತ್ತಿದಲ್ಲೇ ಕೂತಿತು. ಕಿರುಬೆರಳಿನಿಂದ ಅದನ್ನು ಎತ್ತಿಕೊಂಡೇ ಮುಂದೆ ಸಾಗಿದೆ. ಆ ಭಾಗದ ಕೊನೆಗೆ ಬಂದಾಗ, ಮತ್ತೆ ನುಡಿಸುವುದೋ ಬಿಡುವುದೋ ನಾನಿನ್ನೂ ತೀರ್ಮಾನಿಸಿರಲಿಲ್ಲ. ಕೇಳಬೇಕೆಂದಿದ್ದವರು ಇರಲಿಲ್ಲ. ಕೈ ತಾನಾಗಿ ಮೊದಲ ಸಾಲಿಗೆ ಹಿಂತಿರುಗಿತು.

ಎರಡನೆಯ ಸಲ ನಾನು ಅಲಂಕಾರ ಏನೂ ಹಾಕಲಿಲ್ಲ. ಪುಸ್ತಕದ ಪಂಡಿತರು ಎರಡನೆಯ ಸಲ ಅಲ್ಲಲ್ಲಿ ಗಮಕದಂಥ ಕುಸುರಿ ಸೇರಿಸಬೇಕೆನ್ನುತ್ತಾರೆ. ಬರಿದಾಗಿಯೇ ನುಡಿಸಿದೆ. ಒಂದು, ಎರಡು, ಎರಡರ ಮೇಲೆ ನಿಂತೆ. ಹೊರಗೆ ಯಾರೋ ಸ್ಟೀಲಿನ ತಟ್ಟೆಗಳ ಅಟ್ಟಿ ಕೆಡವಿದರು. ನಾನು ನಿಂತೇ ಇದ್ದೆ. ಆ ಸ್ವರ ಮರದೊಳಗೆ ಇಳಿದು ಸಣ್ಣಗಾಗುವವರೆಗೆ ಇದ್ದು, ಆಮೇಲೆ ಮೂರನೆಯದಕ್ಕೆ ಹೋದೆ. ಮುಂದಿನ ಸಾಲಿನಲ್ಲಿ ಏನಿದೆಯೆಂಬುದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ಬೆರಳು ಹೋದಾಗ ಸಿಕ್ಕಿತು. ನನ್ನ ಇಡೀ ಬದುಕಿನಲ್ಲಿ ಅಷ್ಟು ಹೊತ್ತು ನಾನು ಯಾವುದಕ್ಕೂ ಹೆದರದೆ ಇದ್ದದ್ದು ಅದೊಂದೇ ಸಲ ಇರಬೇಕು. ಎರಡನೆಯ ಭಾಗವನ್ನೂ ಎರಡು ಸಲ ನುಡಿಸಿದೆ. ಜನ ಹಸಿದಿದ್ದರು, ಪಾಪ.

ಮುಗಿದಾಗ ಒಂದಿಷ್ಟು ಚಪ್ಪಾಳೆ ಬಿತ್ತು. ಇನ್ನು ಊಟಕ್ಕೆ ಏಳಬಹುದು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಬಗೆಯ ಚಪ್ಪಾಳೆ.

“ಚೆನ್ನಾಗಿತ್ತು ಮೇಡಂ,” ಎಂದರು ಹೆಗ್ಗದ್ದೆಯ ಸೊಸೆ. “ಸೊಲ್ಪ ನಿದಾನ ಆಯ್ತೇನೋ ಅಷ್ಟೆ. ಬನ್ನಿ, ಊಟಕ್ಕೆ ಬನ್ನಿ, ಕಡುಬು ಆರೋಯ್ತದೆ.”

ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರಲ್ಲ ಎಂದು ನೋಡಿದರೆ ಕುರ್ಚಿ ಖಾಲಿ. ಊಟಕ್ಕೆ ನಿಲ್ಲದೆ ಜೀಪಿನಲ್ಲಿ ಹೊರಟುಹೋದರಂತೆ. ಆನೇಮಹಲ್‌ವರೆಗೂ ಬಸ್ಸಿನಲ್ಲಿ ಅದನ್ನೇ ಹಚ್ಚಿಕೊಂಡು ಬಂದೆ. ಸೂತಕದವಳ ಸಭೆಯಲ್ಲಿ ಉಣ್ಣಬಾರದೆಂದು ಎದ್ದುಹೋದರೇ? ಮದುವೆಮನೆಯಲ್ಲಿ ಈಗ ಏನೆಂದು ಹೇಳುತ್ತಿರಬಹುದು? ಮೊಮ್ಮಗಳನ್ನು ಪಾಠ ಬಿಡಿಸುತ್ತಾರೋ ಏನೋ. ಆ ಹುಡುಗಿಗೆ ಈಗಷ್ಟೇ ಎಡಗೈ ಬಲಗೈ ಮಾತು ಕೇಳತೊಡಗಿತ್ತು.

ಮಾರನೆಯ ಬೆಳಗ್ಗೆ ಕಾಫಿಗೆ ನೀರಿಟ್ಟಿದ್ದೆ. ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ಊರುಗೋಲಿನ ಹಿಂದೆ ಅಜ್ಜಿ, ಅಜ್ಜಿಯ ಕೈಯಲ್ಲಿ ಸ್ಟೀಲಿನ ಕ್ಯಾರಿಯರು. ಒಳಗೆ ಬಂದವರು ಕುಶಲ ಕೇಳಲಿಲ್ಲ.

“ಒಲೆ ಹಚ್ಚಿದೀಯೇನವ್ವ?”

“ಗ್ಯಾಸು, ಕಾಫಿಗೆ ಇಟ್ಟಿದೀನಿ ಅಜ್ಜಿ. ಕೂತ್ಕೊಳಿ.”

“ಆರ್ಸು. ನಾನ್ ತಂದಿದೀನಿ.”

ನನಗೆ ಅರ್ಥವಾಯಿತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಬೇಯಿಸಿ ತಂದು ಉಣ್ಣಿಸುತ್ತಾರೆ. ಅಜ್ಜಿ ಹೆಗ್ಗದ್ದೆಯಿಂದ ಅಷ್ಟು ದೂರ ತಂದಿದ್ದು ಅನ್ನ ಮತ್ತು ಒಗ್ಗರಣೆ ಹಾಕದ ಬೇಳೆ ಸಾರು.

“ಅಜ್ಜಿ, ನಮ್ಮನೇಲಿ ಯಾರೂ ಹೋಗಿಲ್ಲ. ನಿಮ್ ಸೊಸೆಗೂ ಹೇಳಿದ್ನಲ್ಲ.”

“ಅವ್ಳಿಗೆ ಚಪ್ಪರದ್ ಚಿಂತೆ. ನಂಗ್ ಹೇಳು.”

“ಕಲಿಸ್ದೋರು ಒಬ್ರು. ಮಂಗ್ಳೂರಿನಲ್ಲಿ. ನಮ್ಮೋರಲ್ಲ, ಕ್ರಿಶ್ಚಿಯನ್ನರು. ಸಂಬಂಧ ಏನೂ ಇಲ್ಲ.”

“ಸಂಬಂಧ ಇಲ್ಲ ಅಂತೀಯ, ಪೆಟ್ಗೆ ಮುಂದೆ ಕುಂತು ಗೋಳಾಡ್ತೀಯ. ಯಾವ್ದಾದ್ರೂ ಒಂದ್ ಕಡೀಕ್ ನಿಲ್ಲು ಮಾರಾಯ್ತಿ.”

ನಾನು ಗ್ಯಾಸು ಆರಿಸಿದೆ. ಅಜ್ಜಿ ಹಾಸಿದ್ದ ಚಾಪೆಯ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತರು. ಮಾತಾಡಿಸಲು ಬಂದವರು ಕೇಳುವುದನ್ನೆಲ್ಲ ಒಂದೊಂದಾಗಿ ಕೇಳತೊಡಗಿದರು.

“ಏನಾಗಿತ್ತು?”

“ಗೊತ್ತಿಲ್ಲ ಅಜ್ಜಿ.”

“ಮಲಗಿದ್ರಾ, ಇಲ್ಲ ಇದ್ದಕ್ಕಿದ್ದಂಗೆ ಆಯ್ತಾ?”

“ಗೊತ್ತಿಲ್ಲ.”

“ಬಾಯಿಗ್ ನೀರ್ ಬಿಟ್ಟೋರ್ ಯಾರು?”

ಅದೂ ಗೊತ್ತಿರಲಿಲ್ಲ.

“ಇಷ್ಟೂ ಕೇಳ್ಳಿಲ್ವ ನೀನು?”

“ಫೋನಲ್ಲಿ ಕೇಳಕ್ಕೆ ಆಗ್ಲಿಲ್ಲ.”

“ಹೂಂ. ಹಂಗಾರೆ ಗೊತ್ತಿರದ್ ಹೇಳು.”

ಗೊತ್ತಿರುವುದನ್ನು ಹೇಳಿದೆ. ಪ್ರತಿ ಸೋಮವಾರ ನಮ್ಮೆಲ್ಲರ ಉಗುರು ತಾವೇ ಕತ್ತರಿಸುತ್ತಿದ್ದದ್ದು. ಪಿಯಾನೋದೊಳಗೆ ನುಸಿ ಬಾರದಿರಲೆಂದು ಕರ್ಪೂರದ ಗಂಟು ಇಟ್ಟು, ಅದರ ವಾಸನೆಗೆ ತಾವೇ ಸೀನುತ್ತಿದ್ದದ್ದು. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ನೋಡಲು ಅಪ್ಪ ಅಮ್ಮ ಬರುವ ದಿನ; ಕಾಫಿ ಕುಯ್ಲಿನ ಕಾಲದಲ್ಲಿ ನಮ್ಮ ಕಡೆಯವರು ಯಾರೂ ಬರುತ್ತಿರಲಿಲ್ಲ. ಆ ಭಾನುವಾರಗಳಲ್ಲಿ ಮಿಸ್ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು, ಬ್ರೆಡ್ಡಿನ ನಡುವೆ ಬಾಳೆಹಣ್ಣು ಹಿಸುಕಿ ಕೊಡುತ್ತಿದ್ದರು. ಅವರನ್ನು ನೋಡಲೂ ಯಾರೂ ಬರುತ್ತಿರಲಿಲ್ಲವೆಂದು ಆಗ ನನಗೆ ಹೊಳೆದಿರಲಿಲ್ಲ. ನನ್ನ ಜೊತೆಗೆಂದು ಕೂತಿದ್ದಾರೆ ಎಂದುಕೊಂಡಿದ್ದೆ.

“ಮಕ್ಳು?” ಎಂದರು ಅಜ್ಜಿ.

“ಮದ್ವೆ ಆಗಿರ್ಲಿಲ್ಲ.”

ಅಜ್ಜಿ ನನ್ನನ್ನು ನೋಡಿದರು. ಒಂದೇ ಕುರ್ಚಿಯಿದ್ದ ನನ್ನ ಊಟದ ಮೇಜನ್ನು ನೋಡಿದರು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. ಹೊರಗೆ ಒಂದು ಲಾರಿ ಹೋಯಿತು. ನಾನು ಇನ್ನೂ ಹೇಳಿದೆ, ಹೇಳಿದ್ದನ್ನೇ ತಿರುಗಿಸಿ ಹೇಳಿದೆ. ಉಗುರಿನದನ್ನು ಎರಡು ಸಲ ಹೇಳಿರಬೇಕು. ಅವರು ಒಮ್ಮೆಯೂ ‘ಆಗಲೇ ಹೇಳಿದೆ’ ಎನ್ನಲಿಲ್ಲ. ಬಿಸಿಲು ಬಾಗಿಲು ದಾಟಿ ಚಾಪೆಯವರೆಗೆ ಬಂದಾಗ ಊರುಗೋಲು ಎಳೆದುಕೊಂಡು ಎದ್ದರು.

“ಉಣ್ಣು,” ಎಂದರು. “ಕ್ಯಾರಿಯರು ಇರ್ಲಿ.”

ಅಷ್ಟೇ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನುವುದಿಲ್ಲ. ಅಜ್ಜಿ ಎನ್ನಲಿಲ್ಲ. ಬಾಗಿಲವರೆಗೆ ಹೋಗಿ, ನಾಲಿಗೆಯ ತುದಿಗೆ ಬಂದಿದ್ದ ‘ಹೋಗ್ಬನ್ನಿ’ಯನ್ನು ನಾನೂ ನುಂಗಿಕೊಂಡೆ. ಜೀಪು ಹೆಗ್ಗದ್ದೆಯ ಕಡೆ ತಿರುಗಿತು.

ತಟ್ಟೆ ಹಾಕಿಕೊಂಡು ಕೂತೆ. ಸಾರು ತಣ್ಣಗಾಗಿತ್ತು, ಉಪ್ಪು ಸ್ವಲ್ಪ ಹೆಚ್ಚೇ ಬಿದ್ದಿತ್ತು. ಎರಡನೆಯ ಸಲ ಬಡಿಸಿಕೊಂಡು ಉಂಡೆ.